ಅನುಕರಣೆಯಿಂದ ಅರಿವಿನೆಡೆಗೆ: ಕುಮಾರ ಗಂಧರ್ವರ ಹಾಡಿನ ಹಾದಿ

ಭಾರತೀಯ ಅಂಚೆ ಇಲಾಖೆ 2014ರಲ್ಲಿ ದೇಶದ ಎಂಟು ಮಂದಿ ಸಂಗೀತ ದಿಗ್ಗಜರ ನೆನಪಿಗೆ ಅಂಚೆಚೀಟಿಗಳನ್ನು ಹೊರತಂದಿತು. ಆ ಎಂಟು ಮುಖಗಳಲ್ಲಿ ನಾಲ್ಕು ಉತ್ತರ ಕರ್ನಾಟಕದ ಮಣ್ಣಿನಿಂದ ಬಂದವು: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮತ್ತು ಕುಮಾರ ಗಂಧರ್ವ. ಮೊದಲ ಮೂವರಿಗೂ ತಮ್ಮದೆನ್ನುವ ಘರಾನೆಯ ನೆರಳಿತ್ತು. ಗಂಗೂಬಾಯಿ ಮತ್ತು ಭೀಮಸೇನರು ಸವಾಯಿ ಗಂಧರ್ವರಿಂದ ಕಿರಾಣಾ ಪರಂಪರೆಯನ್ನು ಪಡೆದರೆ, ಮನ್ಸೂರರು ಜೈಪುರ-ಅತ್ರೌಲಿ ಘರಾನೆಯ ಅಪರೂಪದ ರಾಗಗಳಿಗೆ ವಾರಸುದಾರರಾದರು. ನಾಲ್ಕನೆಯವರು ಮಾತ್ರ ಯಾವ ಘರಾನೆಯ ಅಂಗಳದಲ್ಲೂ ಮನೆ ಕಟ್ಟಲಿಲ್ಲ. ಏನನ್ನು ಕಲಿಯಬೇಕು, ಯಾರಿಂದ ಕಲಿಯಬೇಕು, ಕಲಿತದ್ದರಲ್ಲಿ ಯಾವುದನ್ನು ಹಾಡಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗಳಿಗೆ ಪರಂಪರೆ ಸಿದ್ಧ ಉತ್ತರ ಕೊಡುತ್ತದೆ. ಆ ಉತ್ತರಗಳನ್ನು ಒಪ್ಪದೆ, ಬದುಕಿಡೀ ತಾವೇ ಹುಡುಕಿಕೊಂಡ ಗಾಯಕ ಕುಮಾರ ಗಂಧರ್ವ.

ಎಳೆಯ ವಯಸ್ಸಿನಲ್ಲಿ ಯಾರ ಹಾಡನ್ನಾದರೂ ಯಥಾವತ್ತಾಗಿ ಹಾಡಿ ಬೆರಗುಗೊಳಿಸುತ್ತಿದ್ದ ಬಾಲಕನೊಬ್ಬ, ಮುಂದೆ ಯಾರ ಹಾಡನ್ನೂ ಯಥಾವತ್ತಾಗಿ ಹಾಡದ ಗಾಯಕನಾಗಿ ಬೆಳೆದ ಕಥೆ ಇದು. ಈ ಎರಡು ಘಟ್ಟಗಳ ನಡುವೆ ಐದು ವರ್ಷಗಳ ಕಡ್ಡಾಯ ಮೌನವಿದೆ, ಸಾವಿನ ಹೊಸ್ತಿಲವರೆಗೆ ಒಯ್ದ ಕಾಯಿಲೆಯಿದೆ, ಮಾಳವದ ಹೆಣ್ಣುಮಕ್ಕಳ ಹಾಡುಗಳಿವೆ.

ಗ್ರಾಮಫೋನ್ ತಟ್ಟೆಯೇ ಮೊದಲ ಗುರು

ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಜನಿಸಿದ ಮಗುವಿಗೆ ಹೆತ್ತವರು ಇಟ್ಟ ಹೆಸರು ಶಿವಪುತ್ರ. ಮನೆತನದ ಹೆಸರು ಕೋಮಕಲಿ. ಕನ್ನಡ ಮನೆಮಾತಿನ ಲಿಂಗಾಯತ ಕುಟುಂಬ. ತಂದೆ ಸಿದ್ಧರಾಮಯ್ಯನವರಿಗೆ ಸಂಗೀತದಲ್ಲಿ ಅಪಾರ ಆಸಕ್ತಿ.

ಆ ಕಾಲದ ಬೆಳಗಾವಿ ಸೀಮೆ ಹಾಡಿನ ಸಂತೆಯಂತಿತ್ತು. ಒಂದೆಡೆ ಮಠಗಳ ವಚನ, ಭಜನೆ. ಇನ್ನೊಂದೆಡೆ ಊರೂರು ಸುತ್ತುತ್ತಿದ್ದ ಮರಾಠಿ ಮತ್ತು ಕನ್ನಡ ನಾಟಕ ಕಂಪನಿಗಳ ರಂಗಗೀತೆಗಳು. ಮಿರಜ, ಕೊಲ್ಹಾಪುರ, ಕುಂದಗೋಳಗಳಲ್ಲಿ ನೆಲೆಸಿದ್ದ ಉಸ್ತಾದರು, ಪಂಡಿತರ ಬೈಠಕ್‌ಗಳೂ ನಡೆಯುತ್ತಿದ್ದವು. ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮನೆಬಾಗಿಲಿಗೆ ತಂದದ್ದು ಗ್ರಾಮಫೋನ್. ರಾಗವೆಂದರೇನು, ತಾಳವೆಂದರೇನು ಎಂದು ಯಾರೂ ಹೇಳಿಕೊಡುವ ಮೊದಲೇ ಬಾಲಕ ಶಿವಪುತ್ರ ಈ ತಟ್ಟೆಗಳನ್ನು ಕೇಳಿ, ಅವುಗಳಲ್ಲಿದ್ದ ಹಾಡನ್ನು ಆಲಾಪ, ತಾನ್‌ಗಳ ಸಮೇತ ಒಪ್ಪಿಸತೊಡಗಿದ. ದೊಡ್ಡ ಗಾಯಕರ ಸ್ವರದ ಬಾಗು, ಬಳುಕು, ನಿಲುಗಡೆಗಳೆಲ್ಲ ಆ ಪುಟ್ಟ ಕಂಠದಿಂದ ಹಾಗೆಯೇ ಹೊಮ್ಮುತ್ತಿದ್ದವು.

ಸುದ್ದಿ ಬೇಗನೆ ಹಬ್ಬಿತು. ಏಳೆಂಟು ವರ್ಷದ ಹುಡುಗ ಊರೂರುಗಳ ವೇದಿಕೆ ಏರಿದ. ಮಠಾಧೀಶರೊಬ್ಬರು ಈ ಪ್ರತಿಭೆಗೆ ಮಾರುಹೋಗಿ ಕುಮಾರ ಗಂಧರ್ವ ಎಂಬ ಬಿರುದು ನೀಡಿದರು. ಬಿರುದು ಹೆಸರಾಗಿ ಉಳಿಯಿತು. ಶಿವಪುತ್ರ ಎಂಬ ಹೆಸರು ದಾಖಲೆಗಳಿಗೆ ಸೀಮಿತವಾಯಿತು.

ಆದರೆ ತಟ್ಟೆಯ ಪಾಠಕ್ಕೆ ಒಂದು ಮಿತಿಯಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಬೈಠಕ್‌ನಲ್ಲಿ ಒಂದು ಗಂಟೆ ಅರಳುವ ರಾಗವನ್ನು ಕಲಾವಿದರು ಆ ಮೂರು ನಿಮಿಷಕ್ಕೆ ಹಿಂಡಿ ಕೊಡಬೇಕಿತ್ತು. ಕೇಳುವವರಿಗೆ ದೊರೆಯುತ್ತಿದ್ದುದು ಮುಗಿದ ಚಿತ್ರ; ಕುಂಚ ಎಲ್ಲಿ ತಡವರಿಸಿತು, ಯಾವ ಬಣ್ಣ ಮೊದಲು ಬಿತ್ತು ಎಂಬುದು ಅದರಲ್ಲಿ ಕಾಣುತ್ತಿರಲಿಲ್ಲ. ತಟ್ಟೆಯಿಂದ ಕಲಿತವನಿಗೆ ಆ ಮೂರು ನಿಮಿಷ ಕರಗತವಾಗುತ್ತದೆ, ನಾಲ್ಕನೆಯ ನಿಮಿಷದಲ್ಲಿ ಏನು ಹಾಡಬೇಕೆಂಬುದು ತಿಳಿಯುವುದಿಲ್ಲ. ಬಾಲಪ್ರತಿಭೆಗಳೆಂದು ಹೊಗಳಿಸಿಕೊಂಡ ಅನೇಕರು ಧ್ವನಿ ಒಡೆಯುವ ವಯಸ್ಸಿಗೆ ಮರೆಯಾಗುವುದು ಈ ಕಾರಣಕ್ಕೇ.

ದೇವಧರರ ಶಾಲೆಯ ವಿಶಾಲ ಬಾಗಿಲು

ಕುಮಾರರಿಗೆ ಆ ಗತಿ ಬರದಂತೆ ತಡೆದವರು ಪ್ರೊ. ಬಿ.ಆರ್. ದೇವಧರ. ಪಂಡಿತ್ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಮುಂಬಯಿಯಲ್ಲಿ ಸಂಗೀತ ಶಾಲೆಯೊಂದನ್ನು ನಡೆಸುತ್ತಿದ್ದರು. 1936ರಲ್ಲಿ ಅವರು ಮುಂಬಯಿಯ ಜಿನ್ನಾ ಹಾಲ್‌ನಲ್ಲಿ ಏರ್ಪಡಿಸಿದ್ದ ಸಂಗೀತ ಸಮ್ಮೇಳನದಲ್ಲಿ ಬಾಲಕ ಕುಮಾರ ಹಾಡಿದಾಗ, ಸಭೆಯಲ್ಲಿದ್ದ ಘಟಾನುಘಟಿ ಗಾಯಕರೇ ಬೆರಗಾದರು. ಅದೇ ವರ್ಷ ಹುಡುಗ ದೇವಧರರ ಆಶ್ರಯ ಸೇರಿದ.

ದೇವಧರರು ಆ ಕಾಲಕ್ಕೆ ವಿಶಿಷ್ಟ ಗುರು. ತಮ್ಮ ಘರಾನೆಯ ಚೀಜ್‌ಗಳನ್ನು ಹೊರಗಿನವರಿಗೆ ಕೊಡದೆ ಬಚ್ಚಿಡುವುದೇ ರೂಢಿಯಾಗಿದ್ದಾಗ, ಅವರು ಎಲ್ಲ ಘರಾನೆಗಳ ಗಾಯಕರನ್ನೂ ಕಂಡು, ಕೇಳಿ, ಅವರ ಬಂದಿಶ್‌ಗಳನ್ನು ಸಂಗ್ರಹಿಸಿದರು. ಆ ಕಲಾವಿದರ ಬದುಕನ್ನು ಮರಾಠಿಯಲ್ಲಿ ಬರೆದಿಟ್ಟರು. ಪಾಶ್ಚಾತ್ಯ ಸಂಗೀತವನ್ನೂ, ಕಂಠಸಂಸ್ಕಾರದ ವಿಧಾನಗಳನ್ನೂ ಅಭ್ಯಸಿಸಿದರು. ಶಿಷ್ಯರು ತಮ್ಮ ನೆರಳಾಗಬೇಕೆಂಬ ಹಟ ಅವರಿಗಿರಲಿಲ್ಲ. ಇಂಥ ಶಾಲೆಯಲ್ಲಿ ಕುಮಾರರ ಕಿವಿಗೆ ಗ್ವಾಲಿಯರ್, ಆಗ್ರಾ, ಜೈಪುರ, ಕಿರಾಣಾ ಎಂಬ ಭೇದವಿಲ್ಲದೆ ಎಲ್ಲ ಬಗೆಯ ಗಾಯನವೂ ಬಿತ್ತು. ಒಂದೇ ರಾಗವನ್ನು ನಾಲ್ಕು ಮನೆಗಳವರು ನಾಲ್ಕು ಬಗೆಯಲ್ಲಿ ಕಟ್ಟುವುದನ್ನು ಕೇಳಿದಾಗ, ಇದರಲ್ಲಿ ರಾಗ ಯಾವುದು, ರೂಢಿ ಯಾವುದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಮುಂದೆ ಭೇಂಡಿಬಜಾರ್ ಘರಾನೆಯ ಹಿರಿಯ ಗಾಯಕಿ ಅಂಜನಿಬಾಯಿ ಮಾಲ್ಪೇಕರ್ ಅವರಿಂದಲೂ ಕುಮಾರರು ಕಲಿತರು.

ಇಪ್ಪತ್ತು ತುಂಬುವ ಹೊತ್ತಿಗೆ ಅವರು ಅದೇ ಶಾಲೆಯಲ್ಲಿ ಕಲಿಸುವವರೂ ಆಗಿದ್ದರು. ದೇಶದ ದೊಡ್ಡ ಸಮ್ಮೇಳನಗಳಿಂದ ಆಹ್ವಾನಗಳು ಬರುತ್ತಿದ್ದವು. ಅನುಕರಣೆಯ ಚೀಲ ಕಳಚಿ ತಮ್ಮದೇ ದಾರಿಗೆ ಬರುತ್ತಿದ್ದ ಹೊತ್ತದು. 1947ರಲ್ಲಿ ಗಾಯಕಿ ಭಾನುಮತಿಯವರೊಂದಿಗೆ ವಿವಾಹವಾಯಿತು. ಅದರ ಬೆನ್ನಿಗೇ ಬರಸಿಡಿಲು ಎರಗಿತು.

ದೇವಾಸದ ಐದು ವರ್ಷ

ಕುಮಾರರಿಗೆ ಕ್ಷಯ ತಗುಲಿತ್ತು. ಆಗ ಆ ರೋಗಕ್ಕೆ ಖಚಿತ ಔಷಧವಿರಲಿಲ್ಲ. ಒಣ ಹವೆ, ಪೌಷ್ಟಿಕ ಆಹಾರ, ವಿಶ್ರಾಂತಿಯೇ ಚಿಕಿತ್ಸೆ. ಸಮುದ್ರದಂಡೆಯ ಮುಂಬಯಿ ಬಿಟ್ಟು ಒಣಹವೆಯ ಊರಿಗೆ ಹೋಗುವುದು ಅನಿವಾರ್ಯವಾಯಿತು. 1948ರ ಜನವರಿಯ ಕೊನೆಯಲ್ಲಿ, ಗಾಂಧೀಜಿಯವರ ಹತ್ಯೆಯಾದ ದಿನಗಳಲ್ಲೇ, ದಂಪತಿ ಇಂದೋರ್ ಬಳಿಯ ದೇವಾಸಕ್ಕೆ ಬಂದಿಳಿದರು.

ದೇವಾಸ ಮಾಳವ ಪ್ರಸ್ಥಭೂಮಿಯ ಸಣ್ಣ ಸಂಸ್ಥಾನ. ಊರ ನಡುವೆ ದೇವಿಯ ಗುಡ್ಡ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1921ರಲ್ಲಿ ಇಲ್ಲಿನ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿದ್ದು, ಆ ಗುಡ್ಡದ ಹೆಸರಿನಲ್ಲೇ ನೆನಪುಗಳ ಪುಸ್ತಕ ಬರೆದಿದ್ದರು. ಉಸ್ತಾದ್ ರಜಬ್ ಅಲಿ ಖಾನರಂಥ ಮಹಾನ್ ಗಾಯಕರ ಊರೂ ಅದೇ. ಆದರೆ ಕುಮಾರರ ಪಾಲಿಗೆ ದೇವಾಸ ಅರಮನೆಯೂ ಆಗಿರಲಿಲ್ಲ, ದರ್ಬಾರೂ ಆಗಿರಲಿಲ್ಲ. ಒಂದು ಕೋಣೆ, ಒಂದು ಹಾಸಿಗೆ ಮತ್ತು ಹಾಡಕೂಡದೆಂಬ ವೈದ್ಯರ ಕಟ್ಟಪ್ಪಣೆ ಅಷ್ಟೇ. ಹಾಡಿದರೆ ಶ್ವಾಸಕೋಶ ಹರಿಯಬಹುದು, ಪ್ರಾಣವೇ ಹೋಗಬಹುದು. ಏಳನೆಯ ವಯಸ್ಸಿನಿಂದ ಹಾಡನ್ನೇ ಉಸಿರಾಡಿದ್ದ ಇಪ್ಪತ್ತಮೂರರ ಯುವಕ ಬಾಯಿ ಮುಚ್ಚಿ ಮಲಗಬೇಕಾಯಿತು. ಭಾನುಮತಿಯವರು ಮನೆ ನಡೆಸುವ ಹೊಣೆಯನ್ನೂ, ಆರೈಕೆಯ ಹೊಣೆಯನ್ನೂ ಒಟ್ಟಿಗೆ ಹೊತ್ತರು.

ಬಾಯಿ ಮುಚ್ಚಿದರೂ ಕಿವಿ ತೆರೆದೇ ಇತ್ತು. ಕಿಟಕಿಯಾಚೆಯ ಬೀದಿಯಲ್ಲಿ ಮಾಳವದ ಬದುಕು ಹಾಡುತ್ತ ಸಾಗುತ್ತಿತ್ತು. ಮದುವೆಯ ಮನೆಗೆ ಹೊರಟ ಹೆಂಗಸರು, ಮಗು ಹುಟ್ಟಿದ ಮನೆಯ ಹಸೆಯ ಸುತ್ತ ಕೂತವರು, ಮಳೆಗಾಲದಲ್ಲಿ ಉಯ್ಯಾಲೆ ಕಟ್ಟಿದವರು, ದೇವಿಯ ಗುಡ್ಡ ಹತ್ತುವವರು, ಏಕತಾರಿ ಹಿಡಿದ ಜೋಗಿಗಳು. ಇವರಾರೂ ಸಂಗೀತ ಕಲಿತವರಲ್ಲ. ಯಾರನ್ನೂ ಮೆಚ್ಚಿಸಲು ಹಾಡುತ್ತಿದ್ದವರೂ ಅಲ್ಲ. ಆದರೂ ಸ್ವರ ನೇರವಾಗಿ ಗುರಿ ಮುಟ್ಟುತ್ತಿತ್ತು. ಮುಂಬಯಿಯ ಸಭಾಂಗಣಗಳಲ್ಲಿ ದೇಶದ ಅತ್ಯುತ್ತಮ ಗಾಯಕರನ್ನು ಕೇಳಿ ಬೆಳೆದ ಕಿವಿಗೆ ಇದು ಹೊಸ ಪಾಠವಾಗಿತ್ತು.

ಜನಪದ ಹಾಡಿನಲ್ಲಿ ರಾಗದ ಬೀಜ

ಮಲಗಿದ್ದಲ್ಲೇ ಕುಮಾರರು ಆ ಹಾಡುಗಳನ್ನು ಒಳಗೊಳಗೇ ಬಿಡಿಸತೊಡಗಿದರು. ಸ್ವಲ್ಪ ಚೇತರಿಸಿದ ಮೇಲೆ ಪತ್ನಿಯೊಂದಿಗೆ ಸೇರಿ ಅವುಗಳನ್ನು ಸಂಗ್ರಹಿಸಿ ಸ್ವರಲಿಪಿಗೆ ಇಳಿಸುವ ಕೆಲಸ ನಡೆಯಿತು. ಒಂದೊಂದು ಹಾಡಿನ ಧಾಟಿಯೂ ನಾಲ್ಕೈದು ಸ್ವರಗಳ ಪುಟ್ಟ ಆವರಣದಲ್ಲಿ ಸುತ್ತುತ್ತದೆ. ಒಂದೇ ಸಾಲು ಮತ್ತೆ ಮತ್ತೆ ಮರಳುತ್ತದೆ. ಮೇಲ್ನೋಟಕ್ಕೆ ಅದು ಬಡತನದಂತೆ ಕಾಣುತ್ತದೆ. ಆದರೆ ಆ ನಾಲ್ಕೈದು ಸ್ವರಗಳು ಪರಸ್ಪರ ನಿಲ್ಲುವ ಬಗೆಯಲ್ಲಿ, ಒಂದರಿಂದ ಒಂದಕ್ಕೆ ಹಾಯುವ ಕೋನದಲ್ಲಿ, ಬೇರೆಲ್ಲೂ ಸಿಗದ ಒಂದು ಚಹರೆಯಿರುತ್ತದೆ. ಆ ಚಹರೆಯೇ ರಾಗದ ಬೀಜ ಎಂಬುದು ಕುಮಾರರು ಕಂಡುಕೊಂಡ ಸತ್ಯ.

ಈ ವಿಚಾರ ಸಂಗೀತಶಾಸ್ತ್ರಕ್ಕೆ ತೀರ ಹೊಸದೇನಲ್ಲ. ಪೀಲೂ, ಮಾಂಡ್, ಪಹಾಡಿಯಂಥ ರಾಗಗಳು ಜನರ ಧಾಟಿಗಳಿಂದ ಎದ್ದವೆಂಬುದು ಎಲ್ಲರೂ ಒಪ್ಪಿದ ಮಾತು. ಕರ್ನಾಟಕ ಸಂಗೀತದಲ್ಲೂ ಆನಂದಭೈರವಿ, ನಾದನಾಮಕ್ರಿಯೆ, ಪುನ್ನಾಗವರಾಳಿಗಳಿಗೆ ಜನಪದ ಮೂಲವನ್ನು ಹೇಳುವುದುಂಟು. ಆದರೆ ವಿದ್ವಾಂಸರು ಅಂಥ ರಾಗಗಳನ್ನು ಲಘುವೆಂದು ಬದಿಗಿಟ್ಟು, ಠುಮ್ರಿ, ಭಜನೆಗಳಿಗೆ ಮೀಸಲಿಟ್ಟಿದ್ದರು. ಗಂಭೀರ ಖಯಾಲಿಗೆ ಅವು ಸಲ್ಲವೆಂಬ ಅಲಿಖಿತ ನಿಯಮವಿತ್ತು. ಕುಮಾರರು ಈ ನಿಯಮವನ್ನು ಬುಡಮೇಲು ಮಾಡಿದರು. ಜನರ ಧಾಟಿಗಳಿಂದಲೇ ಹೊಸ ರಾಗಗಳನ್ನು ಬೆಳೆಸಿ, ಅವುಗಳಲ್ಲಿ ಖಯಾಲ್ ಹಾಡಿದರು. ಈ ರಾಗಗಳನ್ನು ಧುನ್-ಉಗಮ ರಾಗಗಳೆಂದು, ಅಂದರೆ ಧಾಟಿಯಿಂದ ಹುಟ್ಟಿದ ರಾಗಗಳೆಂದು ಕರೆದರು. ಮಾಲವತಿ, ಸಂಜಾರಿ, ಲಗನ್ ಗಾಂಧಾರ್, ಸಹೇಲಿ ತೋಡಿ, ಮಧಸುರಜಾ, ಬೀಹಡ್ ಭೈರವ ಮುಂತಾದವು ಹೀಗೆ ಬಂದವು.

ಮಧಸುರಜಾ ನಡುಹಗಲಿನ ರಾಗ. ಅದರಲ್ಲಿ ಕುಮಾರರು ಕಟ್ಟಿದ ಬಂದಿಶ್‌ನ ವಸ್ತು ಕೃಷ್ಣನೂ ಅಲ್ಲ, ವಿರಹಿಣಿಯೂ ಅಲ್ಲ. ಬಲಿಗೆ ಒಯ್ಯುತ್ತಿರುವ ಆಡೊಂದು, ಮನೆಯಲ್ಲಿ ಒಂಟಿಯಾಗಿರುವ ತನ್ನ ಮರಿಯನ್ನು ನೆನೆದು ದೇವಿಯಲ್ಲಿ ಮೊರೆಯಿಡುತ್ತದೆ. ನಡುಹಗಲ ಬಿಸಿಲು, ಗುಡ್ಡದ ದೇವಿ, ಬಲಿಯ ಪ್ರಾಣಿ ಇವೆಲ್ಲವೂ ದೇವಾಸದ ಬದುಕಿನ ಭಾಗಗಳೇ. ಶಾಸ್ತ್ರೀಯ ಸಂಗೀತದ ಬಂದಿಶ್ ಕೂಡ ಕಣ್ಣೆದುರಿನ ಬದುಕಿನಿಂದ ಹುಟ್ಟಬಲ್ಲುದೆಂಬುದಕ್ಕೆ ಅದೊಂದು ನಿದರ್ಶನ. ಇಂಥ ತಮ್ಮ ರಚನೆಗಳನ್ನು ಸ್ವರಲಿಪಿ ಸಮೇತ ‘ಅನೂಪ ರಾಗ ವಿಲಾಸ’ ಎಂಬ ಗ್ರಂಥದಲ್ಲಿ ಅವರು ಸಂಕಲಿಸಿದರು. ಅದರ ಮೊದಲ ಭಾಗ 1965ರಲ್ಲಿ ಪ್ರಕಟವಾಯಿತು.

ಮರಳಿ ಬಂದ ದನಿ

ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಭಾರತದಲ್ಲಿ ದೊರೆಯತೊಡಗಿದ್ದು ಕುಮಾರರ ಪಾಲಿಗೆ ಮರುಜನ್ಮವಾಯಿತು. ರೋಗ ಇಳಿಯಿತು, ಆದರೆ ಒಂದು ಶ್ವಾಸಕೋಶ ಶಾಶ್ವತವಾಗಿ ಊನಗೊಂಡಿತ್ತು. 1953ರಲ್ಲಿ ಅವರು ಮತ್ತೆ ವೇದಿಕೆ ಏರಿದಾಗ ಕೇಳುಗರಿಗೆ ಎದುರಾದದ್ದು ಬೇರೊಬ್ಬ ಗಾಯಕ. ಉದ್ದುದ್ದ ಉಸಿರಿನ ತಾನ್‌ಗಳ ಮಳೆ ಇರಲಿಲ್ಲ. ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುವೆ ತುಂಬಿದ ಮೌನ, ಹಠಾತ್ತನೆ ಮೇಲಿನ ಷಡ್ಜಕ್ಕೆ ಎಸೆದ ಬಾಣದಂಥ ದನಿ, ಮರುಕ್ಷಣ ಪಿಸುಮಾತು.

ಇದು ಶ್ವಾಸಕೋಶದ ಊನದಿಂದ ಬಂದ ಅನಿವಾರ್ಯತೆಯೇ, ಇಲ್ಲವೆ ಚಿಂತನೆಯಿಂದ ಬಂದ ಆಯ್ಕೆಯೇ ಎಂಬ ಚರ್ಚೆ ಅವರ ಜೀವಿತ ಕಾಲದಲ್ಲೇ ಆರಂಭವಾಗಿ ಇಂದಿಗೂ ಮುಂದುವರಿದಿದೆ. ದೇಹದ ಮಿತಿ ಒಂದು ಕಾರಣವಾಗಿದ್ದಿರಲೂಬಹುದು. ಆದರೆ ಮಿತಿಯೊಂದೇ ಶೈಲಿಯನ್ನು ಸೃಷ್ಟಿಸುವುದಿಲ್ಲ. ಉಸಿರು ಚಿಕ್ಕದಾದ ಗಾಯಕ ತನ್ನ ಹಳೆಯ ಹಾಡನ್ನೇ ತುಂಡರಿಸಿ ಹಾಡಬಹುದಿತ್ತು. ಕುಮಾರರು ಹಾಗೆ ಮಾಡದೆ, ಯಾವ ಸ್ವರ ಅಗತ್ಯ, ಯಾವುದು ಬರಿಯ ಅಭ್ಯಾಸಬಲದಿಂದ ಬರುತ್ತಿದೆ ಎಂದು ಪ್ರತಿ ಸ್ವರವನ್ನೂ ವಿಚಾರಣೆಗೆ ಒಡ್ಡಿದರು. ಮಾಳವದ ಹೆಂಗಸರ ಹಾಡಿನಲ್ಲಿ ಒಂದೂ ಅನಗತ್ಯ ಸ್ವರವಿರಲಿಲ್ಲ ಎಂಬುದನ್ನು ಅವರ ಕಿವಿ ಮರೆತಿರಲಿಲ್ಲ.

ಹಾಡುವ ಮುನ್ನ ಎರಡು ತಂಬೂರಿಗಳನ್ನು ಶ್ರುತಿಗೊಳಿಸಲು ಅವರು ತೆಗೆದುಕೊಳ್ಳುತ್ತಿದ್ದ ಕಾಳಜಿ ಸಂಗೀತವಲಯದಲ್ಲಿ ದಂತಕಥೆಯಂತಾಗಿತ್ತು. ತಬಲಾ ಸಾಥಿಯಿಂದ ಅವರು ಬಯಸುತ್ತಿದ್ದುದು ಅಬ್ಬರವಿಲ್ಲದ ಶುದ್ಧ ಠೇಕಾವನ್ನು. ವಸಂತ ಆಚರೇಕರ್ ದೀರ್ಘಕಾಲ ಅವರಿಗೆ ಅಂಥ ಸಾಥ್ ನೀಡಿದರು. ವಿಲಂಬಿತದಿಂದ ಆರಂಭಿಸಿ ಹೆಜ್ಜೆಹೆಜ್ಜೆಯಾಗಿ ಏರಿ ದ್ರುತದ ತಾನ್‌ಗಳಲ್ಲಿ ಮುಗಿಸುವ ಸಿದ್ಧ ಮಾದರಿಗೆ ಅವರು ಬದ್ಧರಾಗಲಿಲ್ಲ. ಬಂದಿಶ್‌ನ ಸ್ವಭಾವ ನೋಡಿ ಹಾಡಿನ ಬೆಳವಣಿಗೆ ನಿರ್ಧಾರವಾಗಬೇಕು, ಒಂದೇ ರಾಗದ ಎರಡು ಬಂದಿಶ್‌ಗಳನ್ನು ಒಂದೇ ಅಚ್ಚಿನಲ್ಲಿ ಹೊಯ್ಯಲಾಗದು ಎಂಬುದು ಅವರ ನಿಲುವಾಗಿತ್ತು.

ಇದರಿಂದ ವಿರೋಧವೂ ಹುಟ್ಟಿತು. ಘರಾನೆಯ ಶಿಸ್ತಿಲ್ಲದ ಗಾಯನ, ತುಂಡುತುಂಡಾದ ಹಾಡು, ಪರಂಪರೆಯ ಉಲ್ಲಂಘನೆ ಎಂಬ ಟೀಕೆಗಳನ್ನು ಅವರು ಎದುರಿಸಿದರು. ಗುರುವಿನ ಹಾದಿಯನ್ನು ಬಿಡದೆ ಸಾಗುವುದನ್ನೇ ಶ್ರದ್ಧೆಯೆಂದು ನಂಬಿದ್ದ ಕ್ಷೇತ್ರದಲ್ಲಿ, ಅದನ್ನು ಪ್ರಶ್ನಿಸುವುದು ಸಣ್ಣ ಅಪರಾಧವೇನೂ ಆಗಿರಲಿಲ್ಲ. ಬಾಲ್ಯದಲ್ಲಿ ಎಲ್ಲರ ಹಾಡನ್ನೂ ಹಾಡಿ ಎಲ್ಲರ ಪ್ರೀತಿ ಗಳಿಸಿದ್ದವರು, ಈಗ ತಮ್ಮ ಹಾಡನ್ನು ಹಾಡಿ ಅರ್ಧ ಜನರ ಮುನಿಸು ಕಟ್ಟಿಕೊಂಡರು.

ಕಾಯಿಲೆಯಿಂದ ಪಾರಾದ ಮೇಲೂ ಬದುಕು ಅವರನ್ನು ಪರೀಕ್ಷಿಸದೆ ಬಿಡಲಿಲ್ಲ. ರೋಗಶಯ್ಯೆಯ ಬಳಿ ವರ್ಷಗಟ್ಟಲೆ ಕೂತು ಕಾಪಾಡಿದ್ದ ಭಾನುಮತಿಯವರು 1961ರಲ್ಲಿ ಎರಡನೆಯ ಮಗನ ಹೆರಿಗೆಯ ಸಂದರ್ಭದಲ್ಲಿ ಅಸುನೀಗಿದರು. ಮರುವರ್ಷ, ಹಿಂದೆ ಮುಂಬಯಿಯಲ್ಲಿ ತಮ್ಮ ಬಳಿಯೇ ಕಲಿತಿದ್ದ ಗಾಯಕಿ ವಸುಂಧರಾ ಶ್ರೀಖಂಡೆಯವರನ್ನು ಕುಮಾರರು ಕೈಹಿಡಿದರು. ದೇವಾಸದ ಮನೆಗೆ ಇಟ್ಟ ಹೆಸರು ಭಾನುಕುಲ. ಮುಂಬಯಿಗಾಗಲಿ, ಬೆಳಗಾವಿಗಾಗಲಿ ಅವರು ನೆಲೆಸಲು ಮರಳಲಿಲ್ಲ.

ಜನಪ್ರಿಯ ಹಾಡಿನ ಮರುಓದು

ಹಾಡುವುದಕ್ಕೆ ಏನನ್ನು ಆರಿಸಿಕೊಳ್ಳಬೇಕೆಂಬ ವಿಷಯದಲ್ಲಿ ಕುಮಾರರಷ್ಟು ಯೋಚಿಸಿದ ಶಾಸ್ತ್ರೀಯ ಗಾಯಕರು ವಿರಳ. ಸಾಮಾನ್ಯವಾಗಿ ಗಾಯಕರು ಹೊತ್ತಿಗೆ ತಕ್ಕ ರಾಗವೊಂದನ್ನು ಎತ್ತಿಕೊಂಡು, ಕೊನೆಗೊಂದು ಭಜನೆಯೊಂದಿಗೆ ಬೈಠಕ್ ಮುಗಿಸುತ್ತಿದ್ದರು. ಕುಮಾರರು ಒಂದು ಇಡೀ ಸಂಜೆಗೆ ಒಂದು ವಸ್ತುವಿನ ಸೂತ್ರ ಕಟ್ಟಿದರು. ‘ಗೀತ ವರ್ಷಾ’, ‘ಗೀತ ಹೇಮಂತ’, ‘ಗೀತ ವಸಂತ’ಗಳಲ್ಲಿ ಆಯಾ ಋತುವಿನ ಖಯಾಲ್, ಠುಮ್ರಿ ಮತ್ತು ಜನಪದ ಗೀತೆಗಳು ಒಂದೇ ಪಂಕ್ತಿಯಲ್ಲಿ ಕೂತವು. ‘ತ್ರಿವೇಣಿ’ಯಲ್ಲಿ ಕಬೀರ, ಸೂರದಾಸ, ಮೀರಾ ಸಂಗಮಿಸಿದರು. ಮಾಳವದ ಜನಪದ ಧಾಟಿಗಳಿಗೇ ಮೀಸಲಾದ ಕಾರ್ಯಕ್ರಮವೂ ಇತ್ತು. ತುಕಾರಾಮರ ಅಭಂಗಗಳು, ಮರಾಠಿ ಕವಿ ಭಾ.ರಾ. ತಾಂಬೆಯವರ ಗೀತೆಗಳು ಒಂದೊಂದು ಪ್ರತ್ಯೇಕ ಪ್ರಸ್ತುತಿಯಾದವು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಗಾಂಧಿ ಮಲ್ಹಾರ್ ಎಂಬ ರಾಗ ರೂಪುಗೊಂಡಿತು.

ಇವೆಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬಾಲಗಂಧರ್ವರ ಹಾಡುಗಳ ಪ್ರಸ್ತುತಿ. ಸ್ತ್ರೀಪಾತ್ರಗಳಿಂದ ಹೆಸರಾದ ಬಾಲಗಂಧರ್ವರು ಮರಾಠಿ ರಂಗಭೂಮಿಯ ಅನಭಿಷಿಕ್ತ ದೊರೆ. ಅವರ ರಂಗಗೀತೆಗಳು ಆ ಕಾಲದ ಚಿತ್ರಗೀತೆಗಳಿದ್ದಂತೆ. ಹುಬ್ಬಳ್ಳಿ, ಬೆಳಗಾವಿಗಳ ಬೀದಿಯಲ್ಲೂ ಅವುಗಳನ್ನು ಗುನುಗುವವರಿದ್ದರು. ಅವರಂತೆಯೇ ಹಾಡಿ ಚಪ್ಪಾಳೆ ಗಿಟ್ಟಿಸುವ ಅನುಕರಣಕಾರರಿಗಂತೂ ಕೊರತೆಯಿರಲಿಲ್ಲ. ಬಾಲ್ಯದಲ್ಲಿ ಅನುಕರಣೆಯಲ್ಲೇ ಹೆಸರು ಮಾಡಿದ ಕುಮಾರರಿಗೆ ಆ ಕೆಲಸ ಎಡಗೈಯದು. ಆದರೆ ಅವರು ತಮ್ಮ ಪ್ರಸ್ತುತಿಗೆ ಇಟ್ಟ ಹೆಸರೇ ಅವರ ಉದ್ದೇಶವನ್ನು ಸಾರಿತು. ತಮಗೆ ಅರ್ಥವಾದ ಬಾಲಗಂಧರ್ವ ಎಂಬುದು ಆ ಮರಾಠಿ ಶೀರ್ಷಿಕೆಯ ಅರ್ಥ. ಬಾಲಗಂಧರ್ವರು ಒಂದು ಸ್ವರವನ್ನು ಏಕೆ ಅಲ್ಲಿಟ್ಟರು, ಮಾತಿನ ಅರ್ಥಕ್ಕೂ ಲಯದ ಒತ್ತಿಗೂ ಹೇಗೆ ನಂಟು ಕಟ್ಟಿದರು ಎಂಬುದನ್ನು ಕುಮಾರರು ತಮ್ಮದೇ ದನಿಯಲ್ಲಿ ಬಿಡಿಸಿ ತೋರಿದರು. ಬಾಲಕ ಶಿವಪುತ್ರ ತಟ್ಟೆಗಳೆದುರು ಕೂತು ಮಾಡಿದ್ದಕ್ಕೂ, ಪ್ರಬುದ್ಧ ಕುಮಾರರು ಇಲ್ಲಿ ಮಾಡಿದ್ದಕ್ಕೂ ನಡುವಿನ ಅಂತರವೇ ಅವರ ಸಂಗೀತಯಾತ್ರೆಯ ಅಳತೆಗೋಲು. ಮೊದಲನೆಯದರಲ್ಲಿ ಕಿವಿಯೊಂದೇ ಕೆಲಸ ಮಾಡಿತ್ತು. ಎರಡನೆಯದರಲ್ಲಿ ಕಿವಿಯೊಂದಿಗೆ ಬುದ್ಧಿಯೂ, ಬದುಕೂ ಸೇರಿದ್ದವು.

ಲಘು ಸಂಗೀತವನ್ನು ಕೀಳೆಂದು ಕಾಣುವ ಮಡಿವಂತಿಕೆ ಅವರಲ್ಲಿರಲಿಲ್ಲ. ಬಾಳ ಕೋಲ್ಹಟ್ಕರರ ಮರಾಠಿ ನಾಟಕವೊಂದಕ್ಕೆ ವಸಂತ ದೇಸಾಯಿಯವರ ಸಂಗೀತ ನಿರ್ದೇಶನದಲ್ಲಿ ಕುಮಾರರು ಹಾಡಿದ ಯುಗಳಗೀತೆ ಮಹಾರಾಷ್ಟ್ರದ ಮನೆಮನೆಗಳಲ್ಲಿ ಮೊಳಗಿತು. ಅದರಲ್ಲಿ ಅವರ ಜೊತೆ ಹಾಡಿದವರು, ಮುಂದೆ ಕನ್ನಡ ಚಿತ್ರರಸಿಕರ ಮೆಚ್ಚಿನ ಗಾಯಕಿಯಾದ ವಾಣಿ ಜಯರಾಂ.

ನಿರ್ಗುಣದ ಕರೆ

ಕುಮಾರರನ್ನು ಶಾಸ್ತ್ರೀಯ ಸಂಗೀತದ ಗಂಧವಿಲ್ಲದವರಿಗೂ ತಲುಪಿಸಿದ್ದು ಕಬೀರನ ಪದಗಳು. ದೇವಾಸದಲ್ಲಿ ನಾಥಪಂಥದ ಶೀಲನಾಥ ಮಹಾರಾಜರ ಧುನಿಯಿದೆ. ಅಲ್ಲಿನ ಸಾಧುಗಳೂ, ಮಾಳವದ ಹಳ್ಳಿಗಳ ಹಾಡುಗಾರರೂ ಕಬೀರ, ಗೋರಖನಾಥರ ನಿರ್ಗುಣ ಪದಗಳನ್ನು ಹಾಡುವ ಸಂಪ್ರದಾಯ ಹಳೆಯದು. ಶಾಸ್ತ್ರೀಯ ಗಾಯಕರು ಕಬೀರನನ್ನು ಹಾಡಿರಲಿಲ್ಲವೆಂದಲ್ಲ. ಆದರೆ ಕಛೇರಿಯ ಕೊನೆಯಲ್ಲಿ, ಆಲಂಕಾರಿಕ ಭಜನೆಯಾಗಿ, ಸಿಹಿತಿಂಡಿಯಂತೆ ಬಡಿಸುತ್ತಿದ್ದರು. ಜೋಗಿಗಳ ಹಾಡಿನಲ್ಲಿ ಕುಮಾರರು ಕೇಳಿದ್ದು ಬೇರೆಯೇ ಕಬೀರನನ್ನು. ಅಲ್ಲಿ ಬೇಡಿಕೆಯಿಲ್ಲ, ಗೋಗರೆತವಿಲ್ಲ. ಶೂನ್ಯಕ್ಕೆ ಎಸೆದ ನಿರ್ಭಯ ಸ್ವರವಿದೆ. ಮನೆಯಿಲ್ಲದ, ಒಡೆತನವಿಲ್ಲದ ಮನುಷ್ಯನ ಒಂಟಿತನವೂ ಧೈರ್ಯವೂ ಇದೆ.

ಅದೇ ಎಸೆತವನ್ನು ಕುಮಾರರು ತಮ್ಮ ಗಾಯನಕ್ಕೆ ತಂದರು. ದೇಹವನ್ನು ತೊರೆದು ಒಂಟಿಯಾಗಿ ಹಾರಿಹೋಗುವ ಹಂಸದ ಪದವನ್ನು ಅವರು ಹಾಡಿದರೆ, ಸಾವಿನ ಎದುರು ಐದು ವರ್ಷ ಮಲಗಿ ಎದ್ದವನ ಅನುಭವ ಅದರ ಹಿಂದೆ ನಿಂತಿರುತ್ತಿತ್ತು. ವಸುಂಧರಾ ಅವರೊಂದಿಗೆ ಮುದ್ರಿಸಿದ ನಿರ್ಗುಣ ಪದಗಳು ಇಂದಿಗೂ ಹೊಸ ಕೇಳುಗರನ್ನು ಪಡೆಯುತ್ತಿವೆ. ಅಲ್ಲಮನ ಬಯಲನ್ನೂ, ಶಿಶುನಾಳ ಶರೀಫರ ತತ್ವಪದಗಳನ್ನೂ ಬಲ್ಲ ಕನ್ನಡಿಗರಿಗೆ ಈ ನಿರ್ಗುಣ ಪರಕೀಯವೆನಿಸುವುದಿಲ್ಲ. ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿ ರೂಪುಗೊಂಡ ಕಬೀರ್ ಯೋಜನೆಯ ಶಬ್ನಂ ವಿರ್ಮಾನಿಯವರು 2008ರಲ್ಲಿ ಕುಮಾರ ಮತ್ತು ಕಬೀರರ ನಂಟನ್ನು ಅರಸಿ ಸಾಕ್ಷ್ಯಚಿತ್ರವೊಂದನ್ನು ತಯಾರಿಸಿದರು. ಬೆಳಗಾವಿಯಿಂದ ಹೊರಟ ದನಿ ದೇವಾಸದ ದಾರಿಯಾಗಿ ಬೆಂಗಳೂರಿಗೆ ಬಂದ ಪರಿ ಇದು.

ಉಳಿದ ಪಾಠ

ಗೌರವಗಳು ತಡವಾಗಿಯಾದರೂ ಬಂದವು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ. 1992ರ ಜನವರಿ 12ರಂದು ದೇವಾಸದಲ್ಲೇ ಕುಮಾರ ಗಂಧರ್ವರು ಕೊನೆಯುಸಿರೆಳೆದರು. ಆಗ ಅವರಿಗೆ 67 ವರ್ಷ. ಮಧ್ಯಪ್ರದೇಶ ಸರ್ಕಾರ ಅವರ ಹೆಸರಿನಲ್ಲಿ ಯುವ ಕಲಾವಿದರಿಗೆ ರಾಷ್ಟ್ರೀಯ ಸನ್ಮಾನವನ್ನು ಸ್ಥಾಪಿಸಿತು. ಹುಟ್ಟಿದ ಜಿಲ್ಲೆಯ ಕೇಂದ್ರವಾದ ಬೆಳಗಾವಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಮಗ ಮುಕುಲ್ ಶಿವಪುತ್ರ, ಮಗಳು ಕಲಾಪಿನಿ ಕೋಮಕಲಿ, ಮೊಮ್ಮಗ ಭುವನೇಶ ಕೋಮಕಲಿ ಗಾಯನವನ್ನು ಮುಂದುವರಿಸಿದರು. ವಸುಂಧರಾ ಕೋಮಕಲಿಯವರು 2015ರಲ್ಲಿ ನಿಧನರಾದರು. 2024ರಲ್ಲಿ ಕುಮಾರರ ಜನನಕ್ಕೆ ನೂರು ವರ್ಷ ತುಂಬಿತು.

ಶಿಷ್ಯರ ಪಾಲಿಗೆ ಅವರು ಬಿಟ್ಟುಹೋದದ್ದು ಕಷ್ಟದ ಆಸ್ತಿ. ಒಂದು ಘರಾನೆಯನ್ನು ಬಿಟ್ಟುಹೋಗಿದ್ದರೆ ಅದನ್ನು ಕಲಿತು ಒಪ್ಪಿಸಬಹುದಿತ್ತು. ಕುಮಾರರ ಸ್ವರದ ಎಸೆತವನ್ನೂ, ಪಿಸುಮಾತನ್ನೂ ಅನುಕರಿಸಿದವರು ಅನೇಕರು ಬಂದರು. ಆದರೆ ಯಾರ ಅನುಕರಣೆಯನ್ನೂ ಒಪ್ಪದವರನ್ನು ಅನುಕರಿಸುವುದೇ ಒಂದು ವಿರೋಧಾಭಾಸ. ಅವರ ದಾರಿಯಲ್ಲಿ ನಡೆಯಬೇಕಾದರೆ ಅವರ ಹಾಡನ್ನೂ ಬಿಟ್ಟು ನಡೆಯಬೇಕಾಗುತ್ತದೆ.

ಇಂದು ಗ್ರಾಮಫೋನ್ ತಟ್ಟೆಯ ಜಾಗಕ್ಕೆ ಮೊಬೈಲ್ ಬಂದಿದೆ. ಮೂರು ನಿಮಿಷದ ತಟ್ಟೆಯೊಂದಕ್ಕಾಗಿ ಕಾಯಬೇಕಿದ್ದ ಕಾಲ ಹೋಗಿ, ಜಗತ್ತಿನ ಹಾಡುಗಳೆಲ್ಲ ಬೆರಳ ತುದಿಯಲ್ಲಿವೆ. ಕೇಳಿದ್ದನ್ನು ಅಚ್ಚುಕಟ್ಟಾಗಿ ಒಪ್ಪಿಸಬಲ್ಲ ಪುಟಾಣಿಗಳಿಗೆ ಕಿರುತೆರೆಯ ವೇದಿಕೆಗಳು ಕಾದಿವೆ. ಬೆಳಗಾವಿ ಸೀಮೆಯ ಏಳು ವರ್ಷದ ಶಿವಪುತ್ರನೂ ಅಂಥದೇ ಪುಟಾಣಿಯಾಗಿದ್ದ. ಅವನಿಗೆ ದೊರೆತ ಚಪ್ಪಾಳೆ ಇವರಿಗೆ ದೊರೆಯುವುದಕ್ಕಿಂತ ಕಡಿಮೆಯದೇನಲ್ಲ. ಅವನು ಕುಮಾರ ಗಂಧರ್ವರಾಗಿ ಬೆಳೆದದ್ದು ಆ ಚಪ್ಪಾಳೆಯಿಂದಲ್ಲ. ಎಲ್ಲ ಮನೆಗಳ ಹಾಡಿಗೂ ಕಿವಿ ತೆರೆಸಿದ ಗುರುವೊಬ್ಬರಿಂದ, ಹಾಡಲಾಗದೆ ಕೇಳುತ್ತ ಕಳೆದ ಐದು ವರ್ಷಗಳಿಂದ, ಹೆಸರು ಗೊತ್ತಿಲ್ಲದ ಹೆಣ್ಣುಮಕ್ಕಳ ನಾಲ್ಕು ಸ್ವರದ ಹಾಡಿನಿಂದ.